ನಡುಗುವ ನೆಲದ ಲೆಕ್ಕ: ಒಂದು ನಕ್ಷೆ ಮತ್ತು ಒಂದು ವಾರವರದಿಯ ವಿಮರ್ಶೆ

ಯುಎಸ್‌ಜಿಎಸ್ ಎಂದೇ ಪರಿಚಿತವಾಗಿರುವ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯು ಜಗತ್ತಿನ ಇತ್ತೀಚಿನ ಭೂಕಂಪನಗಳ ನಕ್ಷೆಯೊಂದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. ಅದಕ್ಕೆ ನೋಂದಣಿ ಬೇಕಿಲ್ಲ, ಅದರಲ್ಲಿ ಜಾಹೀರಾತಿನ ಕಾಟವೂ ಇಲ್ಲ. ಕೆಲವು ವರ್ಷಗಳಿಂದ ಬೆಳಗಿನ ಕಾಫಿಯ ಹೊತ್ತಿಗೆ ಅದನ್ನು ತೆರೆದು ನೋಡುವುದು ನನಗೆ ರೂಢಿಯಾಗಿದೆ. ಅದರ ಜೊತೆಗೆ ವಾರಕ್ಕೊಮ್ಮೆ ಅಮೆರಿಕದ್ದೇ ಆದ ಸ್ಮಿತ್‌ಸೋನಿಯನ್ ಸಂಸ್ಥೆಯ ಜ್ವಾಲಾಮುಖಿ ವರದಿಯನ್ನೂ ಓದುತ್ತೇನೆ. ಈ ಎರಡರ ಬಳಕೆಯಲ್ಲಿ ನನಗೆ ಕಂಡ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಕ್ಷೆಯನ್ನು ತೆರೆದೊಡನೆ ಕಳೆದ 24 ಗಂಟೆಗಳಲ್ಲಿ ದಾಖಲಾದ, 2.5 ಅಥವಾ ಅದಕ್ಕಿಂತ ಹೆಚ್ಚಿನ ಪರಿಮಾಣದ (ಬಿಡುಗಡೆಯಾದ ಶಕ್ತಿಯನ್ನು ಸೂಚಿಸುವ ಅಂಕಿ) ಕಂಪನಗಳು ವೃತ್ತಗಳಾಗಿ ಕಾಣಿಸುತ್ತವೆ. ವೃತ್ತ ದೊಡ್ಡದಾದಷ್ಟೂ ಕಂಪನ ದೊಡ್ಡದು. ಕೆಂಪು ಬಣ್ಣವಿದ್ದರೆ ಅದು ಸಂಭವಿಸಿ ಇನ್ನೂ ಒಂದು ಗಂಟೆ ಕಳೆದಿಲ್ಲ ಎಂದರ್ಥ. ಏಳು ದಿನ ಅಥವಾ ಮೂವತ್ತು ದಿನಗಳ ಪಟ್ಟಿಯನ್ನೂ, ಸಣ್ಣಪುಟ್ಟವನ್ನೆಲ್ಲ ಬಿಟ್ಟು 4.5ಕ್ಕಿಂತ ಮೇಲಿನವುಗಳನ್ನಷ್ಟೇ ತೋರಿಸುವ ಪಟ್ಟಿಯನ್ನೂ ಆರಿಸಿಕೊಳ್ಳಬಹುದು. ಬಳಸಲು ಕಷ್ಟವೇನಿಲ್ಲ. ಓದಿ ಅರ್ಥಮಾಡಿಕೊಳ್ಳುವುದಕ್ಕೆ ಮಾತ್ರ ಸ್ವಲ್ಪ ಅಭ್ಯಾಸ ಬೇಕು.

2025ರ ಜುಲೈ ಕೊನೆಯಲ್ಲಿ ರಷ್ಯಾದ ಕಮ್ಚಟ್ಕಾ ಕರಾವಳಿಯಲ್ಲಿ ನಡೆದ ಮಹಾಕಂಪನವನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಆಗ 30ನೇ ತಾರೀಖಿನ ನಸುಕು, ಐದು ಗಂಟೆಗೆ ಇನ್ನೂ ಐದಾರು ನಿಮಿಷ ಬಾಕಿ. ಅಂತರರಾಷ್ಟ್ರೀಯ ಕಾಲಮಾನದಲ್ಲಿ ಅದಿನ್ನೂ 29ರ ರಾತ್ರಿ. ದಿನಾಂಕದ ಈ ವ್ಯತ್ಯಾಸ ತಿಳಿಯದೆ ಒಂದೇ ಕಂಪನವನ್ನು ಎರಡೆಂದು ಎಣಿಸಿಕೊಂಡವರನ್ನು ನಾನು ಕಂಡಿದ್ದೇನೆ. ಹಾಗಾಗಿ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಸ್ಥಳೀಯ ಸಮಯವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆ ಕಂಪನದ ಪರಿಮಾಣ ಮೊದಲು 8.0 ಎಂದು ಪ್ರಕಟವಾಯಿತು, ಬಳಿಕ 8.7 ಆಯಿತು, ಕೊನೆಗೆ 8.8ಕ್ಕೆ ನಿಂತಿತು. ಪರಿಮಾಣದಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುವುದರಿಂದ, 8.0 ಮತ್ತು 8.8ರ ನಡುವಿನ ಅಂತರ ಹೆಚ್ಚುಕಡಿಮೆ ಹದಿನಾರು ಪಟ್ಟು.

ಇದನ್ನು ಸಂಸ್ಥೆಯ ತಪ್ಪೆಂದು ದೂರುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇಷ್ಟು ದೊಡ್ಡ ಕಂಪನದಲ್ಲಿ ಭೂಫಲಕಗಳ ನಡುವಿನ ಬಿರುಕು ನೂರಾರು ಕಿಲೋಮೀಟರ್ ಉದ್ದಕ್ಕೆ ಹರಿಯಲು ನಿಮಿಷಗಳೇ ಬೇಕು, ಅದರ ದೀರ್ಘ ಅಲೆಗಳು ದೂರದ ಮಾಪನ ಕೇಂದ್ರಗಳನ್ನು ತಲುಪಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಅದಕ್ಕೆ ಮೊದಲೇ ಹೊರಬೀಳುವ ಅಂಕಿ ಅಂದಾಜಲ್ಲದೆ ಬೇರೇನೂ ಆಗಿರಲಾರದು. ಪ್ರತಿ ಕಂಪನದ ಪುಟದಲ್ಲಿಯೂ ಆ ಅಂಕಿಯನ್ನು ಯಂತ್ರ ತಾನಾಗಿಯೇ ಲೆಕ್ಕ ಹಾಕಿದ್ದೇ ಅಥವಾ ತಜ್ಞರು ಪರಿಶೀಲಿಸಿದ್ದೇ ಎಂಬುದು ನಮೂದಾಗಿರುತ್ತದೆ. ತನ್ನ ಲೆಕ್ಕವನ್ನು ಎಲ್ಲರ ಕಣ್ಣೆದುರೇ ತಿದ್ದಿಕೊಳ್ಳುವ ಈ ಗುಣವೇ ಇಡೀ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಮೊದಲ ಅಂಕಿಯನ್ನು ಎತ್ತಿಕೊಂಡು ಓಡುವ ವಾಹಿನಿಗಳು ತಿದ್ದಿದ ಅಂಕಿಗಾಗಿ ಹಿಂತಿರುಗಿ ಬರುವುದು ಅಪರೂಪ.

ಆಳದ ಅಂಕಿಯ ವಿಷಯದಲ್ಲಿಯೂ ಎಚ್ಚರ ಬೇಕು. ಪಟ್ಟಿಯನ್ನು ಗಮನಿಸಿದರೆ ಎಷ್ಟೋ ಕಂಪನಗಳ ಆಳ ಸರಿಯಾಗಿ 10 ಕಿಲೋಮೀಟರ್ ಎಂದೇ ಇರುತ್ತದೆ. ಹತ್ತಿರದಲ್ಲಿ ಸಾಕಷ್ಟು ಮಾಪಕಗಳಿಲ್ಲದೆ ಆಳ ಖಚಿತವಾಗದಿದ್ದಾಗ, ಮೇಲ್ಪದರದ ಕಂಪನವೆಂದು ಊಹಿಸಿ ಲೆಕ್ಕಕ್ಕಾಗಿ ಇಟ್ಟುಕೊಳ್ಳುವ ಸಂಖ್ಯೆ ಅದು. ಈ ಮಾತನ್ನು ಮುಖ್ಯ ಪುಟದಲ್ಲಿಯೇ ಒಂದು ಸಾಲಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ವಿವರಣೆ ಇದೆ, ಆದರೆ ಹುಡುಕಿಕೊಂಡು ಹೋಗಬೇಕು.

ನಕ್ಷೆಯಲ್ಲಿರುವ ಚುಕ್ಕೆ ಕಂಪನ ಶುರುವಾದ ಜಾಗವನ್ನಷ್ಟೇ ಹೇಳುತ್ತದೆ. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ 7.7 ಪರಿಮಾಣದ ಕಂಪನವಾದಾಗ ಚುಕ್ಕೆ ಮಂಡಲೆ ನಗರದ ಪಕ್ಕದಲ್ಲಿತ್ತು. ನಿಜದಲ್ಲಿ ಸಗೈಂಗ್ ಸ್ತರಭಂಗ (ಭೂಪದರದಲ್ಲಿನ ಬಿರುಕು) 400 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸೀಳಿಹೋಗಿತ್ತು, ದಕ್ಷಿಣಕ್ಕೆ ಬಹುದೂರದಲ್ಲಿರುವ ರಾಜಧಾನಿ ನೇಪಿಡಾ ಕೂಡ ಜಖಂಗೊಂಡಿತ್ತು. ಇದು ತಿಳಿಯಬೇಕಾದರೆ ಚುಕ್ಕೆಯನ್ನು ಒತ್ತಿ ಒಳಗಿನ ‘ಶೇಕ್‌ಮ್ಯಾಪ್’ ತೆರೆಯಬೇಕು; ಯಾವ ಊರಿನ ನೆಲ ಎಷ್ಟು ಬಲವಾಗಿ ಅಲುಗಿತು ಎಂಬುದನ್ನು ಅದು ಬಣ್ಣಗಳಲ್ಲಿ ತೋರಿಸುತ್ತದೆ. ಅದರ ಪಕ್ಕದಲ್ಲಿರುವ ‘ಪೇಜರ್’ ಎಂಬ ವಿಭಾಗ ಜೀವಹಾನಿ ಮತ್ತು ಆಸ್ತಿಹಾನಿಯ ಅಂದಾಜನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಹಂತಗಳಲ್ಲಿ ನೀಡುತ್ತದೆ. ಮ್ಯಾನ್ಮಾರ್‌ಗೆ ಅಂದು ಕೆಂಪು ಬಿದ್ದಿತ್ತು.

ಇಲ್ಲಿ ನಮ್ಮ ಭಾಷೆಯ ಒಂದು ತೊಡಕನ್ನೂ ಹೇಳಬೇಕು. ‘ರಿಕ್ಟರ್ ಮಾಪಕದಲ್ಲಿ ಇಷ್ಟು ತೀವ್ರತೆ’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಒಂದು ಕಂಪನಕ್ಕೆ ಪರಿಮಾಣ ಒಂದೇ, ತೀವ್ರತೆ, ಅಂದರೆ ಒಂದು ಜಾಗದಲ್ಲಿ ನೆಲ ಅಲುಗಿದ ಬಲ, ಮಾತ್ರ ಊರಿನಿಂದ ಊರಿಗೆ ಬೇರೆ. ಈ ಸೇವೆ ಮೊದಲನೆಯದನ್ನು ದಶಮಾಂಶದಲ್ಲಿಯೂ ಎರಡನೆಯದನ್ನು ರೋಮನ್ ಅಂಕಿಗಳಲ್ಲಿಯೂ ಕೊಡುವುದರಿಂದ ಗೊಂದಲಕ್ಕೆ ಆಸ್ಪದವಿಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಬಳಸುವುದನ್ನು ನಾವು ಬಿಟ್ಟರೆ ಓದುಗರಿಗೆ ದೊಡ್ಡ ಉಪಕಾರವಾದೀತು.

ಇನ್ನು ದೋಷಗಳ ಮಾತು. ಅಲಾಸ್ಕ, ಕ್ಯಾಲಿಫೋರ್ನಿಯ, ಹವಾಯಿಗಳ ಮೇಲೆ ಚುಕ್ಕೆಗಳು ರಾಗಿ ಚೆಲ್ಲಿದಂತೆ ಕಾಣುತ್ತವೆ, ಇರಾನ್ ಅಥವಾ ಹಿಮಾಲಯದ ಮೇಲೆ ಅಲ್ಲೊಂದು ಇಲ್ಲೊಂದು. ಅಮೆರಿಕದೊಳಗೆ ಮಾಪಕಗಳ ಜಾಲ ದಟ್ಟವಾಗಿರುವುದರಿಂದ ತೀರ ಸಣ್ಣ ಕಂಪನವೂ ಅಲ್ಲಿ ದಾಖಲಾಗುತ್ತದೆ; ಹೊರಗಿನ ಜಗತ್ತಿನಲ್ಲಿ ಸುಮಾರು 4.5ಕ್ಕಿಂತ ಕಡಿಮೆಯವು ಎಲ್ಲವೂ ಪಟ್ಟಿಗೆ ಬರುವ ಭರವಸೆಯಿಲ್ಲ. 2022ರ ಜೂನ್‌ನಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಯ ಜನರನ್ನು ಹೆದರಿಸಿದ, 3ರ ಆಸುಪಾಸಿನ ಕಂಪನಗಳಂಥವನ್ನು ತಿಳಿಯಲು ಇದು ತಕ್ಕ ಸಾಧನವಲ್ಲ. ಅದಕ್ಕೆ ನಮ್ಮ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ‘ಭೂಕಂಪ್’ ಆ್ಯಪ್ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪ್ರಕಟಣೆಗಳೇ ಗತಿ. ದೂರದ ಕಂಪನಗಳನ್ನು ಆಲಿಸುವ ವಿದ್ಯೆ ನಮಗೇನೂ ಹೊಸದಲ್ಲ: ಪರದೇಶಗಳ ಪರಮಾಣು ಸ್ಫೋಟಗಳನ್ನು ಪತ್ತೆಹಚ್ಚಲೆಂದು 1960ರ ದಶಕದಲ್ಲಿಯೇ ಗೌರಿಬಿದನೂರಿನಲ್ಲಿ ಮಾಪಕಗಳ ಸಾಲನ್ನು ಹೂಳಲಾಗಿತ್ತು.

ಜ್ವಾಲಾಮುಖಿಯ ಲಯವೇ ಬೇರೆ. ಭೂಕಂಪನ ಕ್ಷಣದ ಘಟನೆಯಾದರೆ ಜ್ವಾಲಾಮುಖಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಕಥೆ. ಅದಕ್ಕೆ ನಿಮಿಷಕ್ಕೊಮ್ಮೆ ಬದಲಾಗುವ ನಕ್ಷೆಗಿಂತ ಗದ್ಯವೇ ಹೊಂದುತ್ತದೆ. ಸ್ಮಿತ್‌ಸೋನಿಯನ್ ಸಂಸ್ಥೆ ಯುಎಸ್‌ಜಿಎಸ್ ಜೊತೆಗೂಡಿ 2000ದ ನವೆಂಬರ್‌ನಿಂದ ಪ್ರಕಟಿಸುತ್ತಿರುವ ವಾರವರದಿಯಲ್ಲಿ ಹೊಸದಾಗಿ ಕೆರಳಿದ ಪರ್ವತಗಳು ಮೊದಲು ಬರುತ್ತವೆ, ಉಗುಳುತ್ತಲೇ ಇರುವವು ಆಮೇಲೆ. ಬೂದಿ ಎಷ್ಟು ಎತ್ತರಕ್ಕೆ ಏರಿತು, ಯಾವ ದಿಕ್ಕಿಗೆ ತೇಲಿತು, ಯಾರು ಕಂಡರು ಎಂಬುದನ್ನು ಅಬ್ಬರವಿಲ್ಲದ ಭಾಷೆಯಲ್ಲಿ ಬರೆದಿರುತ್ತಾರೆ. ವರದಿಗಾರಿಕೆ ಕಲಿಯುವವರಿಗೆ ಇದನ್ನು ಪಠ್ಯವಾಗಿಡಬಹುದೆಂದು ನನಗೆ ಎಷ್ಟೋ ಸಲ ಅನಿಸಿದೆ.

ಅವಸರದ ಸಮಯದಲ್ಲಿ ಮಾತ್ರ ವಾರವರದಿ ಸಾಲದು. 2025ರ ನವೆಂಬರ್ 23ರಂದು ಇಥಿಯೋಪಿಯದ ಹೈಲಿ ಗುಬ್ಬಿ ಜ್ವಾಲಾಮುಖಿ ಸ್ಫೋಟಿಸಿ (ತುಮಕೂರಿನ ಗುಬ್ಬಿಗೂ ಅದಕ್ಕೂ ಸಂಬಂಧವಿಲ್ಲ) ಅದರ ಬೂದಿ ಯೆಮನ್, ಒಮಾನ್‌ಗಳನ್ನು ದಾಟಿ ಮರುದಿನ ರಾತ್ರಿಯ ಹೊತ್ತಿಗೆ ದೆಹಲಿಯ ಮೇಲೆ ಬಂದಿತು, ವಿಮಾನಗಳು ರದ್ದಾದವು. ಅಂಥ ಹೊತ್ತಿನಲ್ಲಿ ನೋಡಬೇಕಾದದ್ದು ಜ್ವಾಲಾಮುಖಿ ಬೂದಿ ಸಲಹಾ ಕೇಂದ್ರಗಳ ಸೂಚನೆಗಳನ್ನು. ಜಗತ್ತಿನಲ್ಲಿ ಇಂಥವು ಒಂಬತ್ತಿವೆ, ಹೈಲಿ ಗುಬ್ಬಿಯ ಬೂದಿಯನ್ನು ಹಿಂಬಾಲಿಸಿದ್ದು ಫ್ರಾನ್ಸಿನ ಟುಲೂಸ್ ಕೇಂದ್ರ. ಆ ಸೂಚನೆಗಳು ವಿಮಾನಚಾಲಕರಿಗಾಗಿ ಸಂಕೇತಾಕ್ಷರಗಳಲ್ಲಿ ಇರುವುದರಿಂದ ಸಾಮಾನ್ಯ ಓದುಗ ಮೊದಲ ನೋಟಕ್ಕೇ ಕೈಚೆಲ್ಲುತ್ತಾನೆ. ನಮ್ಮ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದ ಸುದ್ದಿ ವಾರವರದಿಗೆ ಬರುವುದು ಬಹುಪಾಲು ಆಸ್ಟ್ರೇಲಿಯದ ಡಾರ್ವಿನ್ ಕೇಂದ್ರದ ಉಪಗ್ರಹ ವೀಕ್ಷಣೆಯಿಂದಲೇ. ಅಲ್ಲಿ ನೋಡಿ ಹೇಳಲು ಜನವಸತಿಯೇ ಇಲ್ಲವಲ್ಲ!

ಮನೆಯವರ ಬಳಕೆಗೆ ನಾನು ಇವೆರಡನ್ನೂ ಶಿಫಾರಸು ಮಾಡುವುದಿಲ್ಲ, ಎರಡೂ ಇಂಗ್ಲಿಷಿನಲ್ಲಿವೆ. ಅಮ್ಮನ ಫೋನಿಗೆ ಹಾಕಿಕೊಟ್ಟಿರುವುದು ಫ್ರಾನ್ಸಿನಲ್ಲಿ ನೆಲೆಯಿರುವ ಯುರೋಪ್–ಮೆಡಿಟರೇನಿಯನ್ ಭೂಕಂಪನ ಕೇಂದ್ರದ ‘ಲಾಸ್ಟ್‌ಕ್ವೇಕ್’ ಆ್ಯಪ್. ನೆಲ ನಡುಗಿದ ಕೂಡಲೇ ಜನ ಆ್ಯಪ್ ತೆರೆಯುವ ರಭಸವನ್ನೇ ಅಳೆದು, ಮಾಪಕಗಳ ಲೆಕ್ಕ ಬರುವ ಮೊದಲೇ ಕಂಪನವನ್ನು ಗುರುತಿಸುವ ಉಪಾಯ ಅದರದು. ಅನುಭವವನ್ನು ತಿಳಿಸಲು ಅದರಲ್ಲಿ ಬರೆಯಬೇಕಾಗಿಲ್ಲ; ತೂಗಾಡುವ ದೀಪ, ಉರುಳುವ ಕಪಾಟು, ಗಾಬರಿಗೊಂಡ ಮನುಷ್ಯನ ವ್ಯಂಗ್ಯಚಿತ್ರಗಳಂಥವುಗಳಲ್ಲಿ ತಮಗೆ ಆದಂತಿರುವುದನ್ನು ಒತ್ತಿದರೆ ಸಾಕು. ಅಮ್ಮನಿಗೆ ಇದುವರೆಗೆ ಅದನ್ನು ಒತ್ತುವ ಸಂದರ್ಭ ಬಂದಿಲ್ಲ, ಆದರೆ ಯಾವ ಚಿತ್ರ ಎಲ್ಲಿದೆ ಎಂಬುದು ಅವರಿಗೆ ಬಾಯಿಪಾಠವಾಗಿದೆ.