ಬೇಸಿನ್ ಕೆಳಗಿನ ಆ್ಯಂಗಲ್ ವಾಲ್ವ್: ನಾಲ್ಕು ವರ್ಷ ಬಳಸಿದ ಮೇಲೆ

ಬಚ್ಚಲುಮನೆಯ ವಾಶ್ ಬೇಸಿನ್ ಕೆಳಗಿದ್ದ ಎರಡೂ ಆ್ಯಂಗಲ್ ವಾಲ್ವ್ ಬದಲಿಸಿ ನಾಲ್ಕು ವರ್ಷವಾಯಿತು. ಗೋಡೆಯ ಪೈಪಿನಿಂದ ನಲ್ಲಿಗೆ ಹೋಗುವ ನೀರನ್ನು ಅಲ್ಲೇ ನಿಲ್ಲಿಸುವ ಪುಟ್ಟ ವಾಲ್ವ್ ಇದು, ತಣ್ಣೀರಿಗೊಂದು, ಬಿಸಿನೀರಿಗೊಂದು. ಹಾಕಿದ್ದು ಅರ್ಧ ಇಂಚಿನ ಹಿತ್ತಾಳೆ ವಾಲ್ವ್, ಕಾಲು ಸುತ್ತಿಗೇ ಮುಚ್ಚುವಂಥದ್ದು. ಈವರೆಗೆ ಒಂದು ಹನಿಯೂ ಸೋರಿಲ್ಲ.

ಹಳೆಯವು ನಾಲ್ಕೈದು ಸುತ್ತು ತಿರುಗಿಸಬೇಕಾದ ಮಾದರಿ. ಒಂದು ರಾತ್ರಿ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್ ಬುಡದಲ್ಲಿ ಬಿರಿದು ನೀರು ಚಿಮ್ಮಿತು. ಓಡಿಹೋಗಿ ವಾಲ್ವ್ ತಿರುಗಿಸಿದೆ. ಹಿಡಿ ಸುಮ್ನೆ ತಿರುಗುತ್ತಲೇ ಇತ್ತು, ನೀರು ನಿಲ್ಲಲಿಲ್ಲ. ಇನ್ನಷ್ಟು ಬಿಗಿ ಮಾಡಿದರೆ ಹಿಡಿಯ ಬುಡದಿಂದಲೂ ಸೋರತೊಡಗಿತು. ಕೊನೆಗೆ ಮೇನ್ ವಾಲ್ವ್ ಮುಚ್ಚಬೇಕಾಯಿತು. ಬೆಳಗಿನವರೆಗೆ ಮನೆಯಲ್ಲಿ ಎಲ್ಲೂ ನೀರಿಲ್ಲ. ಮರುದಿನ ಆ ವಾಲ್ವ್ ಬಿಚ್ಚಿ ನೋಡಿದೆ. ಒಳಗಿನ ರಬ್ಬರ್ ವಾಷರ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದರೆ ಅಂಚು ಪುಡಿಪುಡಿ ಉದುರಿತು. ಅದು ಕೂರಬೇಕಾದ ಜಾಗದಲ್ಲಿ ಬಿಳಿ ಸುಣ್ಣ ಕಟ್ಟಿತ್ತು. ವರ್ಷಗಟ್ಟಲೆ ಮುಟ್ಟದೇ ಬಿಟ್ಟರೆ ಇನ್ನೇನಾಗುತ್ತೆ?

ಮೊದಲು ತಂದ ಹೊಸ ವಾಲ್ವ್ ಕೈಗೆ ಹಗುರವಾಗಿತ್ತು, ನೋಡಲು ಫಳಫಳ. ಬಿಗಿ ಮಾಡುವಾಗಲೇ ಅದರ ಥ್ರೆಡ್ (ತಿರುಪಿನ ಸುರುಳಿ ಇರುವ ಭಾಗ) ಮುರಿಯಿತು. ಮುರಿದ ಕಡೆ ಬೂದು ಬಣ್ಣ. ಹಿತ್ತಾಳೆಯಾಗಿದ್ದರೆ ಹಳದಿ ಕಾಣಬೇಕಿತ್ತು. ಅದು ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಲೇಪ ಹಾಕಿದ್ದು. ಆಯಸ್ಕಾಂತ ಹಿಡಿದು ಪರೀಕ್ಷಿಸುವುದರಿಂದ ಉಪಯೋಗವಿಲ್ಲ, ಅದು ಎರಡಕ್ಕೂ ಅಂಟುವುದಿಲ್ಲ. ಒಂದೇ ಅಳತೆಯ ಎರಡನ್ನು ಕೈಯಲ್ಲಿ ತೂಗಿ ನೋಡಿ. ಹಿತ್ತಾಳೆಯ ತೂಕ ತಕ್ಷಣ ಗೊತ್ತಾಗುತ್ತೆ. ಒಳಭಾಗದ ಥ್ರೆಡ್‌ನ ಬಣ್ಣವನ್ನೂ ನೋಡಿ.

ಹಾಕುವಾಗ ನನಗೆ ಕಷ್ಟವಾಗಿದ್ದು ಒಂದೇ ವಿಷಯ. ವಾಲ್ವ್ ಪೂರ್ತಿ ಬಿಗಿಯಾಗುವ ಹೊತ್ತಿಗೆ ಅದರ ಬಾಯಿ ನೇರ ಮೇಲಕ್ಕೆ ನಿಲ್ಲಬೇಕು. ಸ್ವಲ್ಪ ದಾಟಿತು ಅಂತ ಹಿಂದಕ್ಕೆ ತಿರುಗಿಸಿದರೆ ಟೆಫ್ಲಾನ್ ಟೇಪಿನ (ನೀರು ಸೋರದಂತೆ ಥ್ರೆಡ್‌ಗೆ ಸುತ್ತುವ ತೆಳು ಟೇಪ್) ಹಿಡಿತ ಹೋಗಿ ಸೋರುತ್ತೆ. ನಾನು ಹಾಗೆ ಮಾಡಿದೆ, ಸೋರಿತು. ಪೂರ್ತಿ ಬಿಚ್ಚಿ, ಹಳೇ ಟೇಪ್ ಕಿತ್ತು, ಹೊಸದಾಗಿ ಸುತ್ತಬೇಕಾಯಿತು. ಥ್ರೆಡ್‌ನ ತುದಿ ನಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಟೇಪ್ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತೆ. ನನ್ನ ಪೈಪಿಗೆ ಎಂಟು ಸುತ್ತು ಹಿಡಿಯಿತು.

ಹಳೆಯದನ್ನು ಬಿಚ್ಚುವಾಗ ಇನ್ನೊಂದು ಎಚ್ಚರ ಬೇಕು. ಗೋಡೆಯಿಂದ ಹೊರಗೆ ಬಂದ ಪೈಪನ್ನು ಎರಡನೇ ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ವಾಲ್ವ್ ಜೊತೆ ಪೈಪೂ ತಿರುಗಿ ಗೋಡೆಯೊಳಗಿನ ಜಾಯಿಂಟ್ ಸಡಿಲವಾಗಬಹುದು. ಪೈಪ್ ತುಕ್ಕು ಹಿಡಿದಿದ್ದರೆ ದಯವಿಟ್ಟು ಪ್ಲಂಬರ್ ಕರೆಸಿ.

ಕನೆಕ್ಷನ್ ಪೈಪ್ ಜೋಡಿಸುವ ಮೊದಲು ವಾಲ್ವಿನ ಬಾಯಿಗೆ ಬಕೆಟ್ ಹಿಡಿದು ನೀರು ಹರಿಯಲು ಬಿಟ್ಟೆ. ತುಕ್ಕಿನ ಚೂರು, ಮರಳು ಎಲ್ಲ ಬಂತು. ಈ ವಾಲ್ವಿನೊಳಗೆ ನುಣುಪಾದ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಮಧ್ಯೆ ಮರಳು ಸಿಕ್ಕಿದರೆ ಗೀರು ಬೀಳುತ್ತೆ, ಆಮೇಲೆ ಪೂರ್ತಿ ಮುಚ್ಚುವುದಿಲ್ಲ. ಅದಕ್ಕೇ ಈ ಐದು ನಿಮಿಷ ಯಾರೂ ಉಳಿಸಲು ಹೋಗಬಾರದು. ಕನೆಕ್ಷನ್ ಪೈಪನ್ನೂ ಹೊಸದೇ ಹಾಕಿದೆ. ಅದರ ನಟ್‌ನೊಳಗೆ ರಬ್ಬರ್ ವಾಷರ್ ಇರುತ್ತೆ, ಅಲ್ಲಿ ಟೇಪ್ ಬೇಡ.

ಈಗ ಎರಡು-ಮೂರು ತಿಂಗಳಿಗೊಮ್ಮೆ ಎರಡನ್ನೂ ಒಂದು ಸಲ ಮುಚ್ಚಿ ತೆಗೆಯುತ್ತೇನೆ. ತಣ್ಣೀರಿನದು ಮೊದಲ ದಿನದಷ್ಟೇ ಸಲೀಸು. ಬಿಸಿನೀರಿನದು ಮೂರನೇ ವರ್ಷದಿಂದ ಸ್ವಲ್ಪ ಬಿಗಿ. ನೀರು ಕಾದಾಗ ಸುಣ್ಣ ಜಾಸ್ತಿ ಕಟ್ಟುತ್ತೆ ಅಲ್ವಾ, ಅದೇ ಕಾರಣ ಇರಬೇಕು. ಆದರೂ ಪೂರ್ತಿ ಮುಚ್ಚುತ್ತೆ. ಹಿಡಿಯ ಅಂಚಿನಲ್ಲಿ ಕ್ರೋಮ್ ಒಂದು ಚೂರು ಎದ್ದಿದೆ, ಕೆಳಗೆ ಹಳದಿ ಹಿತ್ತಾಳೆ ಕಾಣುತ್ತಿದೆ.

ಕಳೆದ ತಿಂಗಳು ನಲ್ಲಿಯ ಕಾರ್ಟ್ರಿಜ್ (ನೀರು ಬಿಡುವ, ನಿಲ್ಲಿಸುವ ಒಳಭಾಗ) ಬದಲಿಸಬೇಕಾಯಿತು. ಕೆಳಗೆ ಬಗ್ಗಿ ಎರಡೂ ಹಿಡಿ ಕಾಲು ಸುತ್ತು ತಿರುಗಿಸಿದೆ. ನೀರು ನಿಂತಿತು. ಮನೆಯವರು ಪಕ್ಕದ ಬಚ್ಚಲಲ್ಲಿ ಸ್ನಾನ ಮಾಡುತ್ತಲೇ ಇದ್ದರು.