ಬರಾಂಕೊ ಕಮರಿಯಲ್ಲಿ ರಾತ್ರಿ ತಂಗುವ ಮೊದಲು: ಕಿಲಿಮಂಜಾರೊಗೆ ಹೊರಟವರಿಗೊಂದು ಎಚ್ಚರಿಕೆ

ತಾಂಜಾನಿಯಾದ ಕಿಲಿಮಂಜಾರೊ ಪರ್ವತವನ್ನು ಮಚಾಮೆ ದಾರಿಯಲ್ಲಿ ಏರುವವರು ಬರಾಂಕೊ ಕಮರಿಯಲ್ಲಿ ಒಂದು ರಾತ್ರಿ ತಂಗುತ್ತಾರೆ. ಲೆಮೋಶೊ ಮತ್ತು ಉಂಬ್ವೆ ದಾರಿಗಳೂ ಅಲ್ಲಿಗೇ ಬಂದು ಕೂಡುತ್ತವೆ. ಚಾರಣದ ಕಂಪನಿಗಳು ತಮ್ಮ ಜಾಹೀರಾತುಗಳಲ್ಲಿ ಬಹಳ ಇಷ್ಟಪಟ್ಟು ಹಾಕಿಕೊಳ್ಳುವ ಚಿತ್ರಗಳಲ್ಲಿ ಈ ಕಮರಿಯದೂ ಒಂದು. ಆ ರಾತ್ರಿ ನಮ್ಮ ತಂಡಕ್ಕೆ ಅಲ್ಲಿ ಏನಾಯಿತು ಎಂಬುದನ್ನು ಸಾಧ್ಯವಾದಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನಮಗೆ ಒದಗಿದ ಕಷ್ಟದಲ್ಲಿ ಹವಾಮಾನದ ಪಾಲು ಸಣ್ಣದು. ಹೆಚ್ಚಿನದೆಲ್ಲ ನಮ್ಮನ್ನು ಕರೆದೊಯ್ದ ಕಂಪನಿ ಹಣ ಮತ್ತು ಸಮಯ ಉಳಿಸಲು ಮಾಡಿದ ತೀರ್ಮಾನಗಳಿಂದ ಬಂದದ್ದು. ಅಂಥ ತೀರ್ಮಾನಗಳನ್ನು ಮುಂಗಡ ಕಟ್ಟುವ ಮೊದಲೇ ಪ್ರಶ್ನಿಸಿ ತಿಳಿದುಕೊಳ್ಳಲು ಸಾಧ್ಯವಿದೆ.

ಮೊದಲು ಆ ಜಾಗದ ಸ್ವಭಾವ ತಿಳಿದಿರಬೇಕು. ಕಿಲಿಮಂಜಾರೊದಲ್ಲಿ ಶಿರಾ, ಮಾವೆಂಜಿ ಮತ್ತು ಕಿಬೊ ಎಂಬ ಮೂರು ಜ್ವಾಲಾಮುಖಿ ಶಿಖರಗಳಿವೆ. ಅವುಗಳಲ್ಲಿ ಅತ್ಯಂತ ಎತ್ತರದ ಕಿಬೊದ ತುದಿ 5,895 ಮೀಟರ್. ಕಿಬೊ ಈಗ ಉಗುಳುತ್ತಿಲ್ಲವಾದರೂ ಅದರ ಬಾಯಿಯಲ್ಲಿ ಇಂದಿಗೂ ಬಿಸಿ ಅನಿಲ ಹೊರಬರುವ ಬಿರುಕುಗಳಿವೆ. ಸುಮಾರು ಒಂದು ಲಕ್ಷ ವರ್ಷಗಳ ಹಿಂದೆ ಈ ಶಿಖರದ ನೈಋತ್ಯ ಮಗ್ಗುಲು ಭಾರೀ ಪ್ರಮಾಣದಲ್ಲಿ ಕುಸಿದು ಜಾರಿತು. ವೆಸ್ಟರ್ನ್ ಬ್ರೀಚ್ ಎಂದು ಕರೆಯುವ ಒಡಕು ಉಂಟಾದದ್ದು ಆಗಲೇ, ಬರಾಂಕೊ ಕಮರಿ ಇರುವುದು ಅದರ ಕೆಳಗೆ. ಹಾಗಾಗಿ ಇಲ್ಲಿರುವುದು ನದಿಯೊಂದು ನಿಧಾನವಾಗಿ ಕೊರೆದು ಗಟ್ಟಿಯಾಗಿ ಉಳಿಸಿದ ಕಣಿವೆಯಲ್ಲ. ಲಾವಾ, ಬೂದಿ ಮತ್ತು ಜಲ್ಲಿಯ ಪದರಗಳು ಒಂದರ ಮೇಲೊಂದು ಸಡಿಲವಾಗಿ ಕುಳಿತಿರುವ ಸ್ಥಳ. 2006ರ ಜನವರಿಯಲ್ಲಿ ವೆಸ್ಟರ್ನ್ ಬ್ರೀಚ್ ಭಾಗದಲ್ಲಿ ಬಂಡೆಗಳು ಉರುಳಿ ಮೂವರು ಅಮೆರಿಕನ್ ಚಾರಣಿಗರು ಸತ್ತರು. ಸಾಮಾನ್ಯ ಬಿಡಾರದ ಜಾಗ ಅಲ್ಲಿಂದ ಬಹಳ ಕೆಳಗಿದೆ, ಆದರೂ ಕಮರಿಯ ಕಡಿದಾದ ಗೋಡೆಯ ಬುಡಕ್ಕೆ ಅಂಟಿಕೊಂಡಂತೆ ಟೆಂಟ್ ಹಾಕಲು ಬಿಡಬಾರದು ಎಂಬುದಕ್ಕೆ ಈ ಘಟನೆಯೊಂದೇ ಸಾಕು.

ಬಿಡಾರ ಇರುವುದು ಸಮುದ್ರಮಟ್ಟದಿಂದ 3,900 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ನೂರಕ್ಕೆ ಅರವತ್ತರಷ್ಟು ಮಾತ್ರ, ಆದ್ದರಿಂದ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಪೂರ್ವಕ್ಕೆ ಸುಮಾರು 250 ಮೀಟರ್ ಎತ್ತರದ ಬರಾಂಕೊ ಗೋಡೆ ನಿಂತಿರುವುದರಿಂದ ಬೆಳಗಿನ ಬಿಸಿಲು ಬಿಡಾರವನ್ನು ತಲುಪುವುದು ತೀರ ತಡವಾಗಿ. ರಾತ್ರಿ ಮೇಲಿನ ಹಿಮನದಿಗಳ ಕಡೆಯಿಂದ ತಣ್ಣನೆಯ ಭಾರದ ಗಾಳಿ ಇಳಿದು ಬಂದು ಕಮರಿಯ ತಳದಲ್ಲಿ ತುಂಬಿಕೊಳ್ಳುತ್ತದೆ. ಒದ್ದೆಯಾದ ಬಟ್ಟೆ ಅಲ್ಲಿ ಒಣಗುವುದಿಲ್ಲ. ಇದು ಸಣ್ಣ ಮಾತಿನಂತೆ ಕಾಣಬಹುದು, ಆದರೆ ಒದ್ದೆಯಾದ ಸ್ಲೀಪಿಂಗ್ ಬ್ಯಾಗಿನಲ್ಲಿ ಮುಂದಿನ ರಾತ್ರಿಯನ್ನು ಇನ್ನೂ ಮೇಲೆ ಕಳೆಯಬೇಕಾದವರಿಗೆ ಇದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ನಾವು ಹೋದದ್ದು ನವೆಂಬರಿನಲ್ಲಿ. ಕಿಲಿಮಂಜಾರೊದಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ, ನವೆಂಬರಿನ ಸುಮಾರಿಗೆ ಸಣ್ಣ ಮಳೆಗಾಲ, ಅದರಲ್ಲೂ ದಕ್ಷಿಣದ ಇಳಿಜಾರುಗಳಿಗೆ ಮಳೆ ಹೆಚ್ಚು. ಕಂಪನಿ ಇದನ್ನು ನಮಗೆ ಹೇಳಿತ್ತು, ರಿಯಾಯಿತಿಯನ್ನೂ ಕೊಟ್ಟಿತ್ತು. ಮಳೆಗೆ ತಕ್ಕ ಟೆಂಟುಗಳಿವೆ ಎಂಬ ಭರವಸೆಯನ್ನೂ ನೀಡಿತ್ತು. ನಾವು ಹಣ ಕಟ್ಟಿದ್ದು ಏಳು ದಿನಗಳ ಕಾರ್ಯಕ್ರಮಕ್ಕೆ. ಮಚಾಮೆ ಗೇಟಿನಲ್ಲಿ ಹೆಸರು ನೋಂದಾಯಿಸುವ ಹೊತ್ತಿಗೆ ಅದು ಆರು ದಿನಗಳಾಗಿತ್ತು. ಬರಾಂಕೊ ಆದ ಮೇಲೆ ನಡುವಿನ ಕರಂಗ ಬಿಡಾರದಲ್ಲಿ ತಂಗದೆ, ಮರುದಿನವೇ 4,600 ಮೀಟರಿಗೂ ಮೇಲಿರುವ ಬರಾಫು ಬಿಡಾರಕ್ಕೆ ಹೋಗಿ, ಅದೇ ರಾತ್ರಿ ಶಿಖರಕ್ಕೆ ಹೊರಡುವುದೆಂದು ನಿಗದಿಯಾಗಿತ್ತು. ಕೇಳಿದ್ದಕ್ಕೆ, ತಂಡದವರೆಲ್ಲ ಗಟ್ಟಿಮುಟ್ಟಾಗಿ ಕಾಣುತ್ತಿರುವುದರಿಂದ ಒಂದು ದಿನ ವ್ಯರ್ಥವಾಗುವುದು ಬೇಡ ಎಂಬ ಉತ್ತರ ಬಂದಿತು.

ಈ ಉತ್ತರವನ್ನು ಯಾರಾದರೂ ನಿಮಗೆ ಕೊಟ್ಟರೆ ಅಲ್ಲಿಯೇ ನಿಲ್ಲಿಸಿ. ದೇಹದ ಕಸುವಿಗೂ, ಎತ್ತರದಲ್ಲಿ ಆಮ್ಲಜನಕ ಕಡಿಮೆಯಾಗಿ ಬರುವ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ಮ್ಯಾರಥಾನ್ ಓಡುವವರಿಗೂ ಅದು ಬರುತ್ತದೆ, ಮೆಲ್ಲಗೆ ನಡೆಯುವ ವಯಸ್ಸಾದವರಿಗೆ ಬಾರದೆಯೂ ಇರಬಹುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ರಾತ್ರಿ ಇದ್ದ ಎತ್ತರದಲ್ಲೇ ಉಳಿಯಬೇಕು ಎಂಬುದು ವೈದ್ಯರು ಒಪ್ಪಿರುವ ಸಾಮಾನ್ಯ ನಿಯಮ. ಮಚಾಮೆ ದಾರಿಯಲ್ಲಿ ಮೊದಲ ಬಿಡಾರದಿಂದ ಶಿರಾ ಬಿಡಾರಕ್ಕೆ ಏರುವಾಗಲೇ ಈ ಮಿತಿ ಮೀರಿರುತ್ತದೆ. ಹಾಗಿರುವಾಗ ಮುಂದೆ ಸಿಗುವ ಒಂದೊಂದು ರಾತ್ರಿಯೂ ಬೆಲೆಬಾಳುವಂಥದ್ದು, ಅದನ್ನು ಕತ್ತರಿಸುವ ಹಕ್ಕು ಲೆಕ್ಕಪತ್ರ ನೋಡುವವರಿಗೆ ಇರಬಾರದು.

ನಮ್ಮ ತಂಡದಲ್ಲಿ ಕಾಯಿಲೆ ಬಿದ್ದವರು ನನ್ನ ಭಾವ. ಅವರು ದಿನವೂ ಓಡುವ ಅಭ್ಯಾಸವಿರುವವರು, ನಮ್ಮೆಲ್ಲರಿಗಿಂತ ಬಲಿಷ್ಠರು. ಶಿರಾ ಬಿಡಾರದಲ್ಲಿಯೇ ಅವರಿಗೆ ತಲೆನೋವು ಶುರುವಾಯಿತು, ರಾತ್ರಿ ಊಟ ಸೇರಲಿಲ್ಲ. ಮುಖ್ಯ ಗೈಡ್‌ಗೆ ತಿಳಿಸಿದಾಗ ಅವರು ನೋವಿನ ಮಾತ್ರೆ ಕೊಟ್ಟು, ನೀರು ಹೆಚ್ಚು ಕುಡಿಯಲು ಹೇಳಿ ಹೋದರು. ಮರುದಿನದ ದಾರಿ ಸುಮಾರು 4,600 ಮೀಟರ್ ಎತ್ತರದ ಲಾವಾ ಟವರ್‌ವರೆಗೆ ಏರಿ, ಅಲ್ಲಿಂದ ಬರಾಂಕೊಗೆ ಇಳಿಯುತ್ತದೆ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗುವುದು ಆರೋಗ್ಯವಾಗಿರುವವರಿಗೆ ಒಳ್ಳೆಯ ಕ್ರಮವೇ. ಆದರೆ ಲಕ್ಷಣ ಕಾಣಿಸಿಕೊಂಡವರನ್ನು ಮತ್ತಷ್ಟು ಮೇಲೆ ಏರಿಸಬಾರದು. ಆ ಬೆಳಿಗ್ಗೆ ಭಾವನವರ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವಂತೆ ಕೇಳಿದೆವು. ಕರಪತ್ರದಲ್ಲಿ ಅದರ ಚಿತ್ರವಿತ್ತು, ಗೈಡ್ ಬಳಿ ಅದು ಇರಲಿಲ್ಲ. ಆಮ್ಲಜನಕದ ಸಿಲಿಂಡರ್ ಅದೇ ಕಂಪನಿಯ ಇನ್ನೊಂದು ತಂಡದ ಜೊತೆ ಮುಂದೆ ಹೋಗಿದೆ ಎಂಬ ಮಾತೂ ಆಗಲೇ ಹೊರಬಿತ್ತು.

ಲಾವಾ ಟವರ್‌ನಿಂದ ಇಳಿಯುವಾಗ ಮಳೆ ಹಿಡಿಯಿತು. ನಾವು ಬರಾಂಕೊ ತಲುಪಿದಾಗ ಸಂಜೆಯಾಗಿತ್ತು, ಒಳ್ಳೆಯ ಸಮತಟ್ಟು ಜಾಗಗಳನ್ನೆಲ್ಲ ಮೊದಲೇ ಬಂದ ತಂಡಗಳು ಹಿಡಿದಿದ್ದವು. ನಮ್ಮ ಟೆಂಟುಗಳು ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿದ್ದವು. ಅಲ್ಲಿ ಗಾಳಿಯಿಂದ ರಕ್ಷಣೆ ಸಿಗುತ್ತದೆ ಎಂದು ಹೇಳಿದರು. ನೆಲವನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಸಂಗತಿ ಕಾಣುತ್ತಿತ್ತು. ನಡುವೆ ನುಣ್ಣಗಿನ ಕಪ್ಪು ಮರಳು ಗೆರೆ ಗೆರೆಯಾಗಿ ಒಂದೇ ದಿಕ್ಕಿಗೆ ಮಲಗಿತ್ತು, ಸಣ್ಣ ಕಲ್ಲುಗಳು ದೊಡ್ಡ ಕಲ್ಲುಗಳ ಮೇಲ್ಭಾಗಕ್ಕೆ ಬಂದು ಒತ್ತರಿಸಿಕೊಂಡಿದ್ದವು, ದಿಣ್ಣೆಯ ಅಂಚಿನ ಹುಲ್ಲಿನ ಬುಡದಲ್ಲಿ ಮಣ್ಣು ಕೊರೆದುಹೋಗಿ ಬೇರು ಕಾಣುತ್ತಿತ್ತು. ನೀರು ಹರಿದ ಜಾಗದ ಗುರುತುಗಳಿವು, ಒಣಗಿದ್ದರೂ ಅಷ್ಟೇ. ಟೆಂಟಿನ ಗೂಟಗಳು ಆ ಬೂದಿಜಲ್ಲಿಯಲ್ಲಿ ನಿಲ್ಲಲಿಲ್ಲ, ಎಳೆದರೆ ಸಲೀಸಾಗಿ ಕೈಗೆ ಬರುತ್ತಿದ್ದವು. ಜಾಗ ಬದಲಿಸಲು ಕೇಳಿದೆವು. ಹುಡುಗರು ದಣಿದಿದ್ದಾರೆ ಎಂದರು. ಅವರು ದಣಿದಿದ್ದುದು ನಿಜವೇ: ಪೋರ್ಟರುಗಳಲ್ಲಿ ಕೆಲವರಿಗೆ ಮಳೆಯಂಗಿಯೂ ಇರಲಿಲ್ಲ, ತೊಯ್ದ ಬಟ್ಟೆಯಲ್ಲಿಯೇ ನಡುಗುತ್ತ ಕೆಲಸ ಮಾಡುತ್ತಿದ್ದರು. ಅವರ ಮೇಲೆ ನನಗೆ ಇಂದಿಗೂ ಯಾವ ದೂರೂ ಇಲ್ಲ.

ನಡುರಾತ್ರಿಯ ಹೊತ್ತಿಗೆ ಮೇಲಿನಿಂದ ನೀರು ಬಂತು. ಮರಗಿಡ ಕಡಿಮೆಯಿರುವ, ಬಂಡೆಯೇ ಹೆಚ್ಚಿರುವ ಆ ಕಡಿದಾದ ಇಳಿಜಾರಿನಲ್ಲಿ ಮಳೆಯನ್ನು ಹಿಡಿದಿಡುವಂಥದ್ದು ಏನೂ ಇಲ್ಲ, ಬಿದ್ದದ್ದೆಲ್ಲ ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಸೇರುತ್ತದೆ. ಮೊದಲು ಚಾಪೆಯ ಕೆಳಗೆ ನೆಲ ಮೆತ್ತಗಾಗಿ ಅಲುಗಿದಂತಾಯಿತು, ಆಮೇಲೆ ಟೆಂಟಿನ ಒಂದು ಮೂಲೆ ಕುಸಿಯಿತು. ಹೊರಗೆ ಬರಲು ನೋಡಿದರೆ ಜಿಪ್ ಸರಿಯುತ್ತಿಲ್ಲ. ಜ್ವಾಲಾಮುಖಿಯ ಬೂದಿ ಮೆತ್ತಗೆ ಕಾಣುತ್ತದೆ, ಆದರೆ ಅದರ ಕಣಗಳು ಗಾಜಿನಂತೆ ಮೊನಚಾದವು. ಅವು ಹಲ್ಲುಗಳ ನಡುವೆ ಸೇರಿ ಜಿಪ್ಪನ್ನು ಕಚ್ಚಿ ಹಿಡಿದಿದ್ದವು. ಬಾಟಲಿಯ ನೀರು ಸುರಿದು, ಬೆರಳಿನಿಂದ ತಿಕ್ಕಿ, ಅಂಗುಲ ಅಂಗುಲವಾಗಿ ಅದನ್ನು ಬಿಡಿಸಬೇಕಾಯಿತು. ಹೊರಗೆ ಪಾದ ಮುಳುಗುವಷ್ಟು ನೀರು ಕಪ್ಪು ಜಲ್ಲಿಯನ್ನು ಹೊತ್ತು ಹರಿಯುತ್ತಿತ್ತು. ಪ್ರವಾಹ ಎನ್ನುವಷ್ಟು ದೊಡ್ಡದಾಗಿರಲಿಲ್ಲ, ಆದರೆ ನಮ್ಮ ಸ್ಲೀಪಿಂಗ್ ಬ್ಯಾಗುಗಳನ್ನೂ ಒಣ ಬಟ್ಟೆಗಳನ್ನೂ ಹಾಳುಮಾಡಲು ಅಷ್ಟು ಸಾಕಾಗಿತ್ತು.

ಭಾವನವರ ಸ್ಥಿತಿ ನಮಗೆ ಸ್ಪಷ್ಟವಾಗಿ ತಿಳಿದದ್ದು ಆಗಲೇ. ಎಲ್ಲರೂ ಸಾಮಾನು ಎತ್ತಿ ದಿಣ್ಣೆಗೆ ಸಾಗಿಸುತ್ತಿದ್ದಾಗ ಅವರು ಒಂದು ಶೂ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದರು. "ಭಾವಾ, ಬೇಗ ಶೂ ಹಾಕ್ಕೊಳ್ಳಿ" ಎಂದೆ. ಅವರು ದಾರವನ್ನು ಹಿಡಿದರು, ಗಂಟು ಹಾಕುವುದು ಹೇಗೆಂದು ಅವರ ಬೆರಳುಗಳಿಗೆ ಹೊಳೆಯಲಿಲ್ಲ. ಎಬ್ಬಿಸಿ, ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ತುದಿಗೆ ತಾಗುವಂತೆ ನೇರ ಗೆರೆಯಲ್ಲಿ ನಡೆಯಲು ಹೇಳಿದೆ. ಎರಡನೆಯ ಹೆಜ್ಜೆಗೇ ಪಕ್ಕಕ್ಕೆ ವಾಲಿದರು. ದಯವಿಟ್ಟು ಈ ಪರೀಕ್ಷೆಯನ್ನು ನೆನಪಿಡಿ, ಇದಕ್ಕೆ ಯಾವ ಉಪಕರಣವೂ ಬೇಡ. ಎತ್ತರದಲ್ಲಿ ತಲೆನೋವಿರುವ ವ್ಯಕ್ತಿ ಹೀಗೆ ನಡೆಯಲಾರದಿದ್ದರೆ, ಮಾತಿನಲ್ಲಿ ಗೊಂದಲ ಕಂಡರೆ, ಮಿದುಳಿನಲ್ಲಿ ಊತ ಶುರುವಾಗಿದೆ ಎಂದು ಭಾವಿಸಿಯೇ ಮುಂದುವರಿಯಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ಅದೂ ಅಷ್ಟೇ ಅಪಾಯಕಾರಿ.

ಗೈಡ್ ಒಪ್ಪಲಿಲ್ಲ. ಚಳಿಗೆ ಹೀಗಾಗುತ್ತದೆ, ಅಡುಗೆಯ ಟೆಂಟಿನಲ್ಲಿ ಒಲೆಯ ಬಳಿ ಕೂರಿಸೋಣ ಎಂದರು. ಆ ಟೆಂಟಿನ ಬಾಗಿಲುಗಳನ್ನು ಮಳೆಗಾಗಿ ಪೂರ್ತಿ ಮುಚ್ಚಿದ್ದರು. ಮುಚ್ಚಿದ ಟೆಂಟಿನೊಳಗೆ ಒಲೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ತರುವ ತಲೆನೋವು ಮತ್ತು ವಾಕರಿಕೆ ಎತ್ತರದ ಕಾಯಿಲೆಯಂತೆಯೇ ಇರುತ್ತವೆ. ನಾವು ಅಲ್ಲಿಗೆ ಹೋಗಲು ನಿರಾಕರಿಸಿ, ಪಕ್ಕದ ತಂಡದವರನ್ನು ಎಬ್ಬಿಸಿದೆವು. ಬೇರೆ ಕಂಪನಿಯ ಆ ಗೈಡ್ ಭಾವನವರನ್ನು ನೋಡಿದ ಕೂಡಲೇ ಮಾತಿಗೆ ನಿಲ್ಲದೆ ತಮ್ಮ ಪೆಟ್ಟಿಗೆಯಿಂದ ಮಿದುಳಿನ ಊತ ತಗ್ಗಿಸುವ ಡೆಕ್ಸಾಮೆಥಾಸೋನ್ ಔಷಧ ತೆಗೆದು ಕೊಟ್ಟರು, ಉದ್ಯಾನದ ರೇಂಜರ್‌ಗಳನ್ನು ಕರೆತಂದರು, ಈಗಲೇ ಇಳಿಸಬೇಕು ಎಂದು ನಮ್ಮ ಗೈಡ್‌ಗೆ ಅವರ ಭಾಷೆಯಲ್ಲೇ ಗಟ್ಟಿಯಾಗಿ ಹೇಳಿದರು. ಭಾವ ಇಂದು ಆರೋಗ್ಯವಾಗಿದ್ದರೆ ಅದು ಅವರ ಉಪಕಾರ.

ಕಮರಿಯಲ್ಲಿ ಬಿಡಾರ ಹೂಡುವುದರ ಇನ್ನೊಂದು ತೊಡಕು ಇಳಿಯುವಾಗ ಗೊತ್ತಾಗುತ್ತದೆ. ಪೂರ್ವಕ್ಕೆ ಹೋಗಬೇಕಾದರೆ ಗೋಡೆ ಹತ್ತಬೇಕು, ಬಂದ ದಾರಿಯಲ್ಲಿ ಮರಳಬೇಕಾದರೆ ಮತ್ತೆ ಎತ್ತರಕ್ಕೆ ಏರಬೇಕು. ನೇರವಾಗಿ ಕೆಳಗಿಳಿಯುವುದು ಉಂಬ್ವೆ ದಾರಿಯೊಂದೇ, ಅದು ಬಹಳ ಕಡಿದು. ಮೋಡ ಮುಸುಕಿದ ರಾತ್ರಿಯಲ್ಲಿ ಹೆಲಿಕಾಪ್ಟರ್ ಬರುವ ಮಾತೇ ಇಲ್ಲ. ಇಬ್ಬರು ಎರಡು ಕಡೆ ಹೆಗಲು ಕೊಟ್ಟು, ಕಾಡಿನ ಏಣಿನ ಮೇಲೆ ಬೇರುಗಳನ್ನು ಹಿಡಿದು ಹಿಡಿದು, ತಲೆದೀಪಗಳ ಬೆಳಕಿನಲ್ಲಿ ಅವರನ್ನು ಇಳಿಸಿದರು. ಸುಮಾರು ಒಂದು ಸಾವಿರ ಮೀಟರ್ ಕೆಳಗೆ, ಉಂಬ್ವೆ ಗುಹೆಯ ಬಿಡಾರ ತಲುಪುವ ವೇಳೆಗೆ ಅವರು ನನ್ನನ್ನು ಹೆಸರು ಹಿಡಿದು ಕರೆದು, ನಾವು ಎಲ್ಲಿದ್ದೇವೆ ಎಂದು ಕೇಳಿದರು. ಎತ್ತರದ ಕಾಯಿಲೆಗೆ ನಿಜವಾದ ಮದ್ದು ಇಳಿಯುವುದೇ, ಔಷಧ ಇಳಿಯುವಷ್ಟು ಕಾಲವನ್ನು ದೊರಕಿಸಿಕೊಡುತ್ತದೆ, ಅಷ್ಟೇ.

ಕಿಲಿಮಂಜಾರೊ ರಾಷ್ಟ್ರೀಯ ಉದ್ಯಾನದಲ್ಲಿ ಪರವಾನಗಿ ಪಡೆದ ಗೈಡ್ ಇಲ್ಲದೆ ಏರಲು ಅವಕಾಶವಿಲ್ಲ, ಆದುದರಿಂದ ಕಂಪನಿಯ ಆಯ್ಕೆಯೇ ನಿಮ್ಮ ಕೈಯಲ್ಲಿರುವ ದೊಡ್ಡ ತೀರ್ಮಾನ. ದಿನಗಳ ಸಂಖ್ಯೆಯನ್ನು ಮತ್ತು ಪ್ರತಿ ರಾತ್ರಿಯ ಬಿಡಾರದ ಹೆಸರನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಸಾಧ್ಯವಿದ್ದರೆ ಲೆಮೋಶೊ ದಾರಿಯ ಎಂಟು ದಿನಗಳ ಕಾರ್ಯಕ್ರಮವನ್ನೇ ಆರಿಸಿ, ಮಚಾಮೆಯಾದರೆ ಏಳಕ್ಕಿಂತ ಕಡಿಮೆಗೆ ಒಪ್ಪಬೇಡಿ. ಆಮ್ಲಜನಕ, ಆಕ್ಸಿಮೀಟರ್ ಮತ್ತು ಡೆಕ್ಸಾಮೆಥಾಸೋನ್ ನಿಮ್ಮ ತಂಡದ ಜೊತೆಯಲ್ಲೇ ಇರುತ್ತವೆಯೇ ಎಂದು ಕೇಳಿ, ಗೇಟಿನಲ್ಲಿ ಕಣ್ಣಾರೆ ನೋಡಿ. ಎತ್ತರದ ಕಾಯಿಲೆ ಬಾರದಂತೆ ತೆಗೆದುಕೊಳ್ಳುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ನಿಮ್ಮ ವೈದ್ಯರ ಜೊತೆ ಮಾತಾಡಿ, ಸಲ್ಫಾ ಔಷಧಗಳು ಆಗಿಬರದವರು ಅದನ್ನು ಮುಖ್ಯವಾಗಿ ತಿಳಿಸಬೇಕು. ಪೋರ್ಟರುಗಳಿಗೆ ಮಳೆಯಂಗಿ, ಬೂಟು ಇವೆಯೇ ಎಂಬುದನ್ನೂ ವಿಚಾರಿಸಿ. ತನ್ನ ಹೊರೆಯಾಳುಗಳನ್ನು ಬೆಚ್ಚಗಿಡದ ಕಂಪನಿ ನಿಮ್ಮನ್ನು ನೋಡಿಕೊಳ್ಳುತ್ತದೆ ಎಂದು ನಂಬಲು ಕಾರಣವಿಲ್ಲ.

ಪ್ರವಾಸ ವಿಮೆಯ ಪತ್ರವನ್ನು ಪೂರ್ತಿ ಓದಿ. ಹಲವು ವಿಮೆಗಳು ಒಂದು ಎತ್ತರದ ಮೇಲಿನ ಚಾರಣಕ್ಕೆ ಅನ್ವಯಿಸುವುದಿಲ್ಲ, ಆ ಅಂಕಿ 5,895 ಮೀಟರನ್ನು ಒಳಗೊಳ್ಳಬೇಕು. ಕಾಯಿಲೆಯಿಂದ ಮೊದಲೇ ಇಳಿದವರಿಗೆ ಹಣ ಹಿಂತಿರುಗಿಸುವುದಿಲ್ಲ ಎಂಬ ಸಾಲು ನಮ್ಮ ಒಪ್ಪಂದದಲ್ಲಿತ್ತು, ಕಂಪನಿ ಅದನ್ನೇ ತೋರಿಸಿ ಕೈತೊಳೆದುಕೊಂಡಿತು. ಅಂಥ ಸಾಲಿನ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಲು ಕೇಳಿ: ತಂಡದ ಯಾವುದೇ ಸದಸ್ಯರು ಇಳಿಯಬೇಕೆಂದು ಕೇಳಿದರೆ, ಹಗಲಾಗಲಿ ರಾತ್ರಿಯಾಗಲಿ, ಒಬ್ಬ ಗೈಡ್ ತಕ್ಷಣ ಅವರ ಜೊತೆ ಹೊರಡಬೇಕು. ಇದನ್ನು ಬರೆದುಕೊಡಲು ಹಿಂಜರಿಯುವವರಿಗೆ ಮುಂಗಡ ಕಟ್ಟಬೇಡಿ.