ಬುಡಾಪೆಸ್ಟ್‌ನ ಎಸ್ಕೇಪ್ ರೂಮ್: ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ

ಮುಂಬೈಯಿಂದ ಯುರೋಪ್ ಟೂರ್ ಹೊರಟವರಲ್ಲಿ ನನ್ನದೊಂದು ಕೋರಿಕೆ. ಬುಡಾಪೆಸ್ಟ್‌ನಲ್ಲಿ ಡ್ಯಾನ್ಯೂಬ್ ನದಿ, ಪಾರ್ಲಿಮೆಂಟ್ ಕಟ್ಟಡ ಎಲ್ಲ ನೋಡಿ. ಒಂದು ಸಂಜೆ ಮಾತ್ರ ಎಸ್ಕೇಪ್ ರೂಮ್‌ಗೆ, ಅಂದರೆ ಕೋಣೆಯೊಳಗೆ ಸೇರಿ ಒಗಟು ಬಿಡಿಸುತ್ತಾ ಹೊರಬರುವ ಆಟಕ್ಕೆ, ಇಟ್ಟುಕೊಳ್ಳಿ. ಹಿರಿಯರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.

ಈ ಆಟ ಶುರುವಾಗಿದ್ದು 2007ರಲ್ಲಿ, ಜಪಾನಿನ ಕ್ಯೋಟೋದಲ್ಲಿ. ಬುಡಾಪೆಸ್ಟ್‌ನಲ್ಲಿ 2011ರಲ್ಲಿ ಪಾರಾಪಾರ್ಕ್ ಎಂಬ ಎಸ್ಕೇಪ್ ರೂಮ್ ತೆರೆಯಿತು. ಆಮೇಲೆ ಹಳೇ ಕಟ್ಟಡಗಳ ಖಾಲಿ ನೆಲಮಾಳಿಗೆಗಳಲ್ಲೆಲ್ಲ ಇಂಥ ರೂಮುಗಳು ಬಂದವು. ನಾವು ಆಡಿದ್ದು ನಗರದೊಳಗಿನ ಏಳನೇ ಜಿಲ್ಲೆಯ ಅಂಥದೇ ಒಂದು ನೆಲಮಾಳಿಗೆಯಲ್ಲಿ. 1896ರ ಹಳದಿ ಮೆಟ್ರೋ ಹತ್ತಿ ಒಪೆರಾ ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡೇ ಹೋದೆವು.

ನಾನು, ಯಜಮಾನರು, ಮಗಳು, ಮಾವ. ಮಾವ ಮಾಟುಂಗದಲ್ಲಿ ದಿನಸಿ ಅಂಗಡಿ ನಡೆಸಿದವರು. ಕನ್ನಡ, ತುಳು, ಮರಾಠಿ ಸಲೀಸು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂಧೇರಿಯಲ್ಲಿ ಆಡಿದಾಗ ಗೋಡೆ ತುಂಬ ಇಂಗ್ಲಿಷ್ ಒಗಟುಗಳು. ಪಾಪ, ಅವರು ಗಂಟೆಯಿಡೀ ಸುಮ್ನೆ ಕೂತಿದ್ದರು. ಇಲ್ಲಿ ಓದುವುದು ಕಮ್ಮಿ, ಕೈಗೆ ಕೆಲಸ ಜಾಸ್ತಿ.

ಒಂದು ಮೂಲೆಯಲ್ಲಿ ಹಿತ್ತಾಳೆ ತಕ್ಕಡಿ ತೂಗುಹಾಕಿದ್ದರು. ಪಕ್ಕದಲ್ಲಿ ಬಟ್ಟೆಯ ಪುಟ್ಟ ಚೀಲಗಳು, ಎದುರಿಗೆ ಗೋಡೆಯಲ್ಲಿ ಕೊಕ್ಕೆಗಳು. ಮಗಳು ಚೀಲಗಳನ್ನು ತೂಗಿ ತೂಗಿ ಜೋಡಿ ಮಾಡುತ್ತಿದ್ದಳು, ಲೆಕ್ಕ ಕೂಡುತ್ತಿರಲಿಲ್ಲ. "ಇಲ್ಲಿ ಕೊಡು ಪುಟ್ಟಿ" ಎಂದು ಮಾವ ಮುಂದೆ ಬಂದರು. ಚೀಲ ಎಲ್ಲ ತೆಗೆಸಿದರು. ಖಾಲಿ ತಟ್ಟೆಗಳು ಸಮ ನಿಲ್ಲುತ್ತವಾ ಅಂತ ನೋಡಿದರು. ನಿಲ್ಲಲಿಲ್ಲ, ಎಡಗಡೆ ಒಂದಿಷ್ಟು ಭಾರ. "ತಕ್ಕಡಿಯಲ್ಲೇ ಮೋಸ ಉಂಟು" ಎಂದರು. ಬಲತಟ್ಟೆಗೆ ಅಲ್ಲೇ ಇದ್ದ ಒಂದು ಕಲ್ಲುಚೂರು ಹಾಕಿ ಸಮ ಮಾಡಿ, ಆಮೇಲೆ ತೂಗಿದರು. ಚೀಲಗಳು ಸರಿಯಾದ ಕೊಕ್ಕೆಗೆ ಬಿದ್ದ ಕೂಡಲೇ ಕೆಳಗಿನ ಡ್ರಾಯರ್ ಟಕ್ ಎಂದು ತೆರೆದುಕೊಂಡಿತು. ಒಗಟು ಇದ್ದದ್ದೇ ಆ ಮೋಸದಲ್ಲಿ! ಎಷ್ಟು ಚೆಂದದ ಯೋಚನೆ ಅಲ್ವಾ?

ತಾರೀಕಿನ ಅಂಕಿ ಹಾಕಿ ತೆರೆಯುವ ಲಾಕ್ ಮಗಳ ಪಾಲಿಗೆ ಬಂತು. ಹಂಗೇರಿಯಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಬರೆಯುತ್ತಾರೆ. ಗೋಡೆಯ ಮೇಲಿನ ಹಳೇ ಪತ್ರ ನೋಡಿ ಅವಳಿಗೆ ಹೊಳೆಯಿತು.

ಆಟ ನಡೆಸುವ ಹುಡುಗಿಗೆ ಪೂರ್ತಿ ಅಂಕ. ಸಾಮಾನ್ಯವಾಗಿ ಇವರು ಕ್ಯಾಮೆರಾದಲ್ಲಿ ನೋಡುತ್ತಾ, ನಮ್ಮ ಮಾತು ಕೇಳಿಯೇ ಸುಳಿವು ಕೊಡುವುದು. ನಮ್ಮ ಕನ್ನಡ ಅವಳಿಗೆ ಹೇಗೆ ಅರ್ಥವಾಗಬೇಕು? ಬೇಕಾದಾಗ ಕೈ ಎತ್ತಿ ಎಂದು ಮೊದಲೇ ಹೇಳಿದ್ದಳು. ಸುಳಿವನ್ನೂ ಪರದೆಯ ಮೇಲೆ ಚಿತ್ರದಲ್ಲೇ ತೋರಿಸಿದಳು. ಮಾವನಿಗೆ ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಬಾಗಿಲ ಪಕ್ಕದ ಹಸಿರು ಬಟನ್ ಒತ್ತಿ, ಬಾಗಿಲು ತೆರೆಯುವುದನ್ನು ತೋರಿಸಿದ ಮೇಲೆಯೇ ಆಟ ಶುರು. 2019ರಲ್ಲಿ ಪೋಲೆಂಡಿನ ಕೊಶಾಲಿನ್‌ನಲ್ಲಿ ಎಸ್ಕೇಪ್ ರೂಮಿಗೆ ಬೆಂಕಿ ಬಿದ್ದು ಹದಿನೈದರ ಐವರು ಹುಡುಗಿಯರು ಸತ್ತರು. ಅಂಧೇರಿಯಿರಲಿ, ಪುಣೆಯಿರಲಿ, ಹೊರಬರುವ ದಾರಿ ಕೇಳದೆ ಒಳಗೆ ಕಾಲಿಡಬೇಡಿ.

ಬೇಸರವಾಗಿದ್ದು ಮೆಟ್ಟಿಲುಗಳ ವಿಷಯದಲ್ಲಿ. ಕಡಿದಾದ ಕಲ್ಲಿನ ಮೆಟ್ಟಿಲು, ಹಿಡಿಯಲು ಕಂಬಿಯಿಲ್ಲ. ಮಂಡಿನೋವಿದ್ದವರು ಬುಕ್ ಮಾಡುವ ಮೊದಲೇ ವಿಚಾರಿಸಿ. ಕೆಳಗೆ ಚಳಿ, ಸ್ವೆಟರ್ ಬೇಕು. ದರ ತಲೆಗಲ್ಲ, ತಂಡಕ್ಕೆ. ಹಾಗಾಗಿ ಅತ್ತೆ, ಮಾವ ಇಬ್ಬರನ್ನೂ ಸೇರಿಸಿಕೊಂಡರೆ ಖರ್ಚೇನೂ ಹೆಚ್ಚಾಗುವುದಿಲ್ಲ.